ತಿರುಗಿಸಿದಷ್ಟೂ ತಪ್ಪುತ್ತಿದ್ದ ಗುರಿ: ರೈಫಲ್ ಸ್ಕೋಪಿನ ವಿಂಡೇಜ್ ಮತ್ತು ಎಲಿವೇಷನ್ ಹೊಂದಾಣಿಕೆಯ ಒಂದು ಪ್ರಕರಣ

ದೂರು ಮತ್ತು ಸಲಕರಣೆ

50 ಮೀಟರ್ ದೂರದಲ್ಲಿ ನಟ್ಟನಡುವೆ ಬೀಳುತ್ತಿದ್ದ ಗುಂಡುಗಳು, 100 ಮೀಟರ್ ದೂರಕ್ಕೆಂದು ಸ್ಕೋಪಿನ (ಗುರಿಯಿಡಲು ರೈಫಲ್ ಮೇಲೆ ಕೂರಿಸುವ ದುರ್ಬೀನಿನ) ಎಲಿವೇಷನ್ ಟರೆಟ್ಟನ್ನು, ಅಂದರೆ ಗುಂಡು ಬೀಳುವ ಜಾಗವನ್ನು ಮೇಲೆ ಕೆಳಗೆ ಸರಿಸುವ ತಿರುಗುಗುಂಡಿಯನ್ನು, 32 ಕ್ಲಿಕ್ (ತಿರುಗಿಸುವಾಗ ಟಿಕ್ಕೆನ್ನುವ ಒಂದೊಂದು ಹೆಜ್ಜೆ) ಮೇಲಕ್ಕೆ ತಿರುಗಿಸಿದ ಕೂಡಲೇ ಸುಮಾರು 10 ಸೆಂಟಿಮೀಟರ್ ಎಡಕ್ಕೆ ಸರಿದು ಬೀಳುತ್ತಿದ್ದವು. ಎಡಬಲಕ್ಕೆ ಸರಿಸುವ ವಿಂಡೇಜ್ ಟರೆಟ್ಟನ್ನು ಯಾರೂ ಮುಟ್ಟಿರಲಿಲ್ಲ. ರೈಫಲ್ಲಿನ ಒಡೆಯರಾದ ಯುವ ಶೂಟರ್ ಈ ದೂರನ್ನು ನನ್ನ ಮುಂದಿಡುವ ಹೊತ್ತಿಗೆ ಎರಡು ದಿನಗಳಲ್ಲಿ 140 ಕಾಡತೂಸುಗಳನ್ನು ಹಾರಿಸಿದ್ದರು. ಸ್ಕೋಪ್ ಕೆಟ್ಟಿದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಹೊಸದನ್ನು ಕೊಳ್ಳುವ ಲೆಕ್ಕಾಚಾರದಲ್ಲಿದ್ದರು. ಹೊಸಬರಿಗೆ ಸ್ಕೋಪ್ ಕೂರಿಸಿ ಜೀರೋ ಮಾಡಿಕೊಡುವ (ಗೊತ್ತುಮಾಡಿದ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸುವ) ಕೆಲಸದಲ್ಲಿ ನಾನು ಕಂಡ ದೂರುಗಳಲ್ಲಿ ಹೆಚ್ಚಿನವು ಸಡಿಲಗೊಂಡ ತಿರುಪಿನಲ್ಲಿಯೋ ತಪ್ಪಾಗಿ ಓದಿಕೊಂಡ ಬಾಣದ ಗುರುತಿನಲ್ಲಿಯೋ ಮುಗಿದುಹೋಗುತ್ತವೆ. ಇದು ಹಾಗೆ ಮುಗಿಯಲಿಲ್ಲವಾದ್ದರಿಂದಲೇ ವಿವರವಾಗಿ ಬರೆದಿಡುತ್ತಿದ್ದೇನೆ.

ರೈಫಲ್ .22 ಎಲ್‌ಆರ್ (ಲಾಂಗ್ ರೈಫಲ್) ಎಂಬ ಸಣ್ಣ ಕಾಡತೂಸಿನ ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಹಿಂದೆ ಮುಂದೆ ಎಳೆಯುವ ಬಗೆಯದು. ಮೇಲಿದ್ದ ಸ್ಕೋಪ್ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುವಂಥದ್ದು. ಮುಂದಿನ ಮಸೂರದ ವ್ಯಾಸ 40 ಮಿಲಿಮೀಟರ್, ಕೊಳವೆಯ ಹೊರವ್ಯಾಸ 25.4 ಮಿಲಿಮೀಟರ್. ಅದನ್ನು ಕೊಳವೆಯನ್ನು ಸುತ್ತಿ ಹಿಡಿಯುವ ಎರಡು ರಿಂಗುಗಳ ಮೂಲಕ ರೈಫಲ್ಲಿನ ಮೈಮೇಲೆ ಕೊರೆದ 11 ಮಿಲಿಮೀಟರ್ ಅಗಲದ ಡವ್‌ಟೇಲ್ ಹಳಿಗೆ ಬಿಗಿಯಲಾಗಿತ್ತು, ಮತ್ತು ರಿಂಗುಗಳ ನಡುವಿನ ಅಂತರ 100 ಮಿಲಿಮೀಟರ್ ಇತ್ತು. ಈ ಕೊನೆಯ ಅಂಕಿ ಮುಂದೆ ಬಹಳ ಮುಖ್ಯವಾಗುತ್ತದೆ.

ಟರೆಟ್ಟುಗಳ ಒಂದೊಂದು ಕ್ಲಿಕ್ಕಿನ ಬೆಲೆ ಕಾಲು ಎಂಓಎ (ಮಿನಿಟ್ ಆಫ್ ಆ್ಯಂಗಲ್). ಒಂದು ಎಂಓಎ ಎಂದರೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ; 100 ಮೀಟರ್‌ನಲ್ಲಿ ಅದು 29.1 ಮಿಲಿಮೀಟರ್ ಅಗಲವನ್ನು ಆವರಿಸುತ್ತದೆ. ಆದ್ದರಿಂದ ಒಂದು ಕ್ಲಿಕ್ 100 ಮೀಟರ್‌ನಲ್ಲಿ ಸುಮಾರು 7.3, 50 ಮೀಟರ್‌ನಲ್ಲಿ 3.6, 25 ಮೀಟರ್‌ನಲ್ಲಿ 1.8 ಮಿಲಿಮೀಟರಿನಷ್ಟು ಗುಂಡಿನ ಗುರುತನ್ನು ಸರಿಸಬೇಕು. ಕ್ಲಿಕ್ ಎಂಬುದು ಕೋನದ ಅಳತೆಯೇ ಹೊರತು ಉದ್ದದ ಅಳತೆಯಲ್ಲ ಎಂಬುದನ್ನು ಮರೆತು, 100 ಮೀಟರಿನ ಲೆಕ್ಕವನ್ನೇ 25 ಮೀಟರಿಗೂ ಹಚ್ಚುವವರು ಅಗತ್ಯದ ಕಾಲುಭಾಗವನ್ನಷ್ಟೇ ತಿರುಗಿಸಿ, ಸ್ಕೋಪ್ ಮಾತು ಕೇಳುತ್ತಿಲ್ಲ ಎಂದು ಗೊಣಗುತ್ತಾರೆ.

ಮೊದಲ ಎರಡು ದಿನ

ಶೂಟರ್ ತಮ್ಮ ಟಾರ್ಗೆಟ್ ಕಾಗದಗಳನ್ನು ಎಸೆಯದೆ ಇಟ್ಟುಕೊಂಡಿದ್ದರು. ಪ್ರತಿ ಕಾಗದದ ಅಂಚಿನಲ್ಲಿ ತಾವು ತಿರುಗಿಸಿದ ಕ್ಲಿಕ್ಕುಗಳನ್ನು ಪೆನ್ಸಿಲಿನಲ್ಲಿ ಬರೆದೂ ಇದ್ದರು. ಈ ಒಂದು ಒಳ್ಳೆಯ ಅಭ್ಯಾಸ ಇರದಿದ್ದರೆ ಪ್ರಕರಣ ಇಷ್ಟು ಬೇಗ ಬಿಡಿಸಿಕೊಳ್ಳುತ್ತಿರಲಿಲ್ಲ.

ಮೊದಲ ದಿನ 50 ಮೀಟರಿನಲ್ಲಿ ಹಾರಿಸಿದ ಗುಂಡುಗಳು ಕಾಗದವನ್ನೇ ಮುಟ್ಟಿರಲಿಲ್ಲ. ಟಾರ್ಗೆಟ್ಟನ್ನು 10 ಮೀಟರಿಗೆ ತಂದಾಗ ಗುರುತುಗಳು ಎಡಭಾಗದಲ್ಲಿ ಕಾಣಿಸಿಕೊಂಡವು. ಆಗ ವಿಂಡೇಜ್ ಟರೆಟ್ಟನ್ನು ಬಲಕ್ಕೆ, ಮತ್ತೆ ಬಲಕ್ಕೆ, ಇನ್ನೂ ಬಲಕ್ಕೆ ಎಂದು ತಿರುಗಿಸುತ್ತಲೇ ಹೋಗಿದ್ದಾರೆ. ಒಟ್ಟು ಎಷ್ಟು ತಿರುಗಿಸಿದೆ ಎಂಬ ಮೊತ್ತವನ್ನು ಅವರು ಕೂಡಿಸಿ ನೋಡಿರಲಿಲ್ಲ, ಆ ಕಾಗದಗಳನ್ನು ಮೊದಲ ಸಲ ನೋಡಿದಾಗ ನಾನೂ ಕೂಡಿಸಲಿಲ್ಲ. ಬಾಣದ ಗುರುತಿನ ಬಗ್ಗೆ ಅವರಿಗೆ ಗೊಂದಲವಿರಲಿಲ್ಲ: ಟರೆಟ್ಟಿನ ಮೇಲಿನ 'ಆರ್' ಅಕ್ಷರ ಗುಂಡಿನ ಗುರುತು ಬಲಕ್ಕೆ ಹೋಗುವುದನ್ನು ಸೂಚಿಸುತ್ತದೆ, ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ, ಗುರಿಯಿಡಲು ಬಳಸುವ ಅಡ್ಡ ಮತ್ತು ಲಂಬ ಗೆರೆಗಳು) ಹೋಗುವ ದಿಕ್ಕನ್ನಲ್ಲ. ಕಣ್ಣಿಟ್ಟು ನೋಡುವವರಿಗೆ ಕ್ರಾಸ್‌ಹೇರ್ ಟಾರ್ಗೆಟ್ಟಿನ ಮೇಲೆ ತದ್ವಿರುದ್ಧ ದಿಕ್ಕಿನಲ್ಲಿ, ಅಂದರೆ ಎಡಕ್ಕೆ, ಗುಂಡು ಬಿದ್ದ ಕಡೆಗೇ ಸರಿಯುತ್ತದೆ.

ಅವರ ಪೆನ್ಸಿಲ್ ಟಿಪ್ಪಣಿಗಳಲ್ಲಿ ನನ್ನ ಗಮನ ಸೆಳೆದ ಕಾಗದ ಒಂದಿತ್ತು. 50 ಮೀಟರಿನಲ್ಲಿ 16 ಕ್ಲಿಕ್ ಬಲಕ್ಕೆ ತಿರುಗಿಸಿದ್ದರು. ಲೆಕ್ಕದ ಪ್ರಕಾರ ಗುಂಪು (ಒಂದೇ ಬಿಂದುವಿಗೆ ಗುರಿಯಿಟ್ಟು ಹಾರಿಸಿದ ಗುಂಡುಗಳ ಗುರುತುಗಳು) 58 ಮಿಲಿಮೀಟರ್ ಸರಿಯಬೇಕಿತ್ತು, ಸರಿದದ್ದು 21. ನಂತರ ಏನನ್ನೂ ಮುಟ್ಟದೆ ಇನ್ನೈದು ಗುಂಡು ಹಾರಿಸಿದಾಗ ಗುಂಪು ತಾನಾಗಿಯೇ ಇನ್ನೂ 30 ಮಿಲಿಮೀಟರ್ ಬಲಕ್ಕೆ ಹೋಗಿತ್ತು. ಸಾಲ ವಸೂಲಾದಂತೆ ತಡವಾಗಿ ಬಂದ ಈ ಚಲನೆಯ ಪಕ್ಕದಲ್ಲಿ ಶೂಟರ್ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮುಂದಿನ ಗುಂಡಿಗೆ ಮತ್ತೆ ಟರೆಟ್ ತಿರುಗಿಸಿದ್ದರು.

ಅದಾದ ಮೇಲೆ ಅವರು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ಒಂದೊಂದು ಗುಂಡಿಗೂ ಒಂದೊಂದು ತಿದ್ದುಪಡಿ. ಅವರ ರೈಫಲ್ಲಿನ ಐದು ಗುಂಡಿನ ಗುಂಪು 50 ಮೀಟರಿನಲ್ಲಿ ಸುಮಾರು 20 ಮಿಲಿಮೀಟರ್ ಅಗಲವಿತ್ತು. ಇಷ್ಟು ಹರಡುವ ರೈಫಲ್ಲಿನಲ್ಲಿ ಒಂಟಿ ಗುಂಡು ನಿಜವಾದ ಕೇಂದ್ರದಿಂದ ಆರೇಳು ಮಿಲಿಮೀಟರ್, ಅಂದರೆ ಸುಮಾರು ಎರಡು ಕ್ಲಿಕ್ ಅತ್ತಿತ್ತ ಬೀಳುವುದು ಸಹಜ. ಮೂರು ಗುಂಡುಗಳ ಸರಾಸರಿಯೂ ಒಂದು ಕ್ಲಿಕ್ಕಿನಷ್ಟು ಸುಳ್ಳು ಹೇಳಬಹುದು. ಐದು ಗುಂಡು ಹಾರಿಸಿದರೆ ಆ ಅನಿಶ್ಚಿತತೆ ಸುಮಾರು 3 ಮಿಲಿಮೀಟರಿಗೆ, ಹತ್ತು ಹಾರಿಸಿದರೆ 2 ಮಿಲಿಮೀಟರಿಗೆ ಇಳಿಯುತ್ತದೆ. ಒಂದೇ ಗುಂಡನ್ನು ನಂಬಿ ತಿರುಗಿಸುವವರು ಸ್ಕೋಪನ್ನು ಹೊಂದಿಸುತ್ತಿಲ್ಲ, ರೈಫಲ್ಲಿನ ಸ್ವಾಭಾವಿಕ ಚದುರುವಿಕೆಯ ಬೆನ್ನು ಹತ್ತಿದ್ದಾರೆ. ಆದರೂ ಇಲ್ಲಿಯ 10 ಸೆಂಟಿಮೀಟರ್ ಚದುರುವಿಕೆಯ ಮಾತಲ್ಲ. ಅದು ಪ್ರತಿ ಸಲವೂ ಎಡಕ್ಕೇ, ಹೆಚ್ಚುಕಡಿಮೆ ಅಷ್ಟೇ ಅಳತೆಯಲ್ಲಿ ಬರುತ್ತಿತ್ತು.

ಮೂರು ಅನುಮಾನಗಳು, ಮೂರಕ್ಕೂ ಲೆಕ್ಕ

"ಸರ್, ಗಾಳಿ ಎಳೆಯುತ್ತಿರಬೇಕು" ಎಂಬುದು ಅವರ ಮೊದಲ ವಿವರಣೆಯಾಗಿತ್ತು. .22ರ ಗುಂಡು ನಿಧಾನಿ. ಅವರು ಬಳಸುತ್ತಿದ್ದ ಸ್ಟ್ಯಾಂಡರ್ಡ್ ವೆಲಾಸಿಟಿ ಕಾಡತೂಸಿನ ಗುಂಡು ನಳಿಕೆಯಿಂದ ಸೆಕೆಂಡಿಗೆ ಸುಮಾರು 326 ಮೀಟರ್ ವೇಗದಲ್ಲಿ ಹೊರಡುತ್ತದೆ, ಆದ್ದರಿಂದ ಗಾಳಿಗೆ ಅದು ಬಾಗುವುದು ನಿಜ. ಆದರೆ 100 ಮೀಟರಿನಲ್ಲಿ 10 ಸೆಂಟಿಮೀಟರ್ ತಳ್ಳಬೇಕಾದರೆ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದ ನೇರ ಅಡ್ಡಗಾಳಿ ಬೀಸುತ್ತಿರಬೇಕು. ಅಂಥ ಗಾಳಿಯಲ್ಲಿ ಬಾವುಟ ಚೆನ್ನಾಗಿಯೇ ಎದ್ದು ಹಾರುತ್ತದೆ. ಅದೇ ಗಾಳಿ 50 ಮೀಟರಿನಲ್ಲಿ ಎರಡು ಎರಡೂವರೆ ಸೆಂಟಿಮೀಟರಿನಷ್ಟು ಎಡಕ್ಕೆ ದೂಡಿರಬೇಕಿತ್ತು, ಆದರೆ ಅಲ್ಲಿ ಗುಂಪು ನಡುವಿನಲ್ಲೇ ಕೂತಿತ್ತು. ಬಾವುಟ ಜೋತುಬಿದ್ದಿದ್ದ ಮುಂಜಾನೆಯಲ್ಲಿ ಹಾರಿಸಿದ ಗುಂಪೂ ಅದೇ ಎಡಕ್ಕೇ ಬಿದ್ದಿತ್ತಾದ್ದರಿಂದ ಗಾಳಿಯ ವಾದ ಅಲ್ಲಿಗೇ ಮುಗಿಯಿತು.

ಎರಡನೆಯದು ನನ್ನ ಅನುಮಾನ, ಮತ್ತು ಅದರ ಬೆನ್ನು ಹತ್ತಿ ನಾನು ಅರ್ಧ ದಿನ ಕಳೆದೆ ಎಂದು ಒಪ್ಪಿಕೊಳ್ಳಬೇಕು. ರಿಂಗಿನೊಳಗೆ ಸ್ಕೋಪ್ ಓರೆಯಾಗಿ ಕೂತಿದ್ದರೆ, 'ಮೇಲಕ್ಕೆ' ಎಂದು ತಿರುಗಿಸಿದ್ದು ನೇರ ಮೇಲಕ್ಕೆ ಹೋಗದೆ ಸ್ವಲ್ಪ ಪಕ್ಕಕ್ಕೂ ಹೋಗುತ್ತದೆ. ಎಲಿವೇಷನ್ ಬದಲಿಸಿದಾಗ ಮಾತ್ರ ಗುಂಪು ಪಕ್ಕಕ್ಕೆ ಸರಿಯುತ್ತದೆ ಎಂಬ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ, ಆದ್ದರಿಂದ ರಸಮಟ್ಟವನ್ನು ತಂದು, ದಾರಕ್ಕೆ ತೂಗುಗುಂಡು ಕಟ್ಟಿ, ಕ್ರಾಸ್‌ಹೇರಿನ ಲಂಬ ಗೆರೆಯನ್ನು ಅದಕ್ಕೆ ಹೋಲಿಸಿ ನೋಡಿದೆ. ಓರೆ ಇತ್ತು, ಸುಮಾರು ಎರಡು ಡಿಗ್ರಿ. ಗೆದ್ದೆ ಎಂದುಕೊಂಡು ಅದನ್ನು ಸರಿಪಡಿಸಿದ ಮೇಲೂ ಗುಂಪು ಎಡಕ್ಕೇ ಬಿತ್ತು. ಮೊದಲೇ ಲೆಕ್ಕ ಹಾಕಿದ್ದರೆ ಶ್ರಮ ಉಳಿಯುತ್ತಿತ್ತು: 32 ಕ್ಲಿಕ್ ಎಂದರೆ 8 ಎಂಓಎ, ಎರಡು ಡಿಗ್ರಿ ಓರೆಯಿಂದ ಅದರಲ್ಲಿ ಪಕ್ಕಕ್ಕೆ ಹೋಗುವುದು 0.28 ಎಂಓಎ, 100 ಮೀಟರಿನಲ್ಲಿ 8 ಮಿಲಿಮೀಟರ್. 10 ಸೆಂಟಿಮೀಟರ್ ಆಗಬೇಕಾದರೆ ಸ್ಕೋಪ್ 25 ಡಿಗ್ರಿಗೂ ಹೆಚ್ಚು ವಾಲಿರಬೇಕು, ಅದನ್ನು ಕಾಣಲು ರಸಮಟ್ಟವೇ ಬೇಕಾಗಿಲ್ಲ.

ಮೂರನೆಯದು ಪ್ಯಾರಲಾಕ್ಸ್, ಅಂದರೆ ಕಣ್ಣು ಅತ್ತಿತ್ತ ಸರಿದಾಗ ಕ್ರಾಸ್‌ಹೇರೂ ಟಾರ್ಗೆಟ್ಟಿನ ಮೇಲೆ ಸರಿದಂತೆ ಕಾಣುವುದು. ರಿಮ್‌ಫೈರ್, ಅಂದರೆ .22ರಂಥ ಕಾಡತೂಸಿನ ರೈಫಲ್ಲುಗಳ ಸ್ಕೋಪುಗಳಲ್ಲಿ ಅದು ಸಾಮಾನ್ಯವಾಗಿ 50 ಗಜದ ಆಸುಪಾಸಿನಲ್ಲಿ ಇಲ್ಲವಾಗುವಂತೆ ಹೊಂದಿಸಿರುತ್ತಾರೆ. 100 ಮೀಟರಿನಲ್ಲಿ ಕಣ್ಣು ಮಸೂರದ ನಡುವಿನಿಂದ ಪೂರ್ತಿ ಅಂಚಿಗೆ ಸರಿದರೂ, 40 ಮಿಲಿಮೀಟರ್ ಮಸೂರದ ಈ ಸ್ಕೋಪಿನಲ್ಲಿ ತಪ್ಪು ಎರಡೂವರೆ ಸೆಂಟಿಮೀಟರನ್ನು ಮೀರುವುದಿಲ್ಲ. ಇದನ್ನೂ ಬದಿಗಿಟ್ಟೆ. ರಿಂಗಿನ ತಿರುಪುಗಳೂ ರೈಫಲ್ಲಿನ ಮೈಯನ್ನು ಮರದ ಹಿಡಿಗೆ ಜೋಡಿಸುವ ತಿರುಪುಗಳೂ ಬಿಗಿಯಾಗಿಯೇ ಇದ್ದವು.

ಒಂದು ಗುಂಡೂ ಹಾರಿಸದೆ ಮಾಡಿದ ಪರೀಕ್ಷೆ

ದಾರಿ ತೋರಿಸಿದ್ದು ಶೂಟರ್ ಆಕಸ್ಮಿಕವಾಗಿ ಆಡಿದ ಒಂದು ಮಾತು. 100 ಮೀಟರಿನ ಎಡ ಸರಿತವನ್ನು ತಿದ್ದಲು ಅವರು ವಿಂಡೇಜನ್ನು ಇನ್ನೂ ಬಲಕ್ಕೆ ತಿರುಗಿಸಿದ್ದರಂತೆ. "ಒಂಬತ್ತು ಕ್ಲಿಕ್ ಆದಮೇಲೆ ಅದು ತಿರುಗಲೇ ಇಲ್ಲ ಸರ್, ಆ ಒಂಬತ್ತರಿಂದಲೂ ಗುಂಪು ಕದಲಲಿಲ್ಲ" ಎಂದರು. ಟರೆಟ್ ತನ್ನ ದಾರಿಯ ಕೊನೆ ಮುಟ್ಟಿತ್ತು ಎಂಬ ಸಂಗತಿ ಅವರಿಗೆ ಕಿರಿಕಿರಿಯಾಗಿ ಕಂಡಿತ್ತು, ನನಗೆ ಸುಳಿವಾಗಿ ಕಂಡಿತು.

ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇರುವುದನ್ನು ಇಬ್ಬರೂ ನೋಡಿ ಖಚಿತಪಡಿಸಿಕೊಂಡು, ಬೋಲ್ಟನ್ನು ಹೊರಗೆಳೆದು ಮೇಜಿನ ಮೇಲಿಟ್ಟೆವು. ರೈಫಲ್ಲನ್ನು ಕದಲದಂತೆ ಹಿಡಿಕೆಯೊಂದರಲ್ಲಿ ಬಿಗಿದು, ಎರಡೂ ಕಡೆ ಮರಳುಚೀಲಗಳನ್ನು ಒತ್ತರಿಸಿದೆವು. 50 ಮೀಟರ್ ದೂರದಲ್ಲಿ ಒಂದು ದೊಡ್ಡ ಬಿಳಿ ಹಾಳೆಯನ್ನು ತೂಗುಗುಂಡಿನ ದಾರಕ್ಕೆ ಸರಿಯಾಗಿ ಅಂಟಿಸಿದ್ದೆ. ಅದರ ಮೇಲೆ 36 ಮಿಲಿಮೀಟರಿಗೊಂದರಂತೆ ಅಡ್ಡ ಮತ್ತು ಉದ್ದ ಗೆರೆಗಳನ್ನು ದಪ್ಪ ಶಾಯಿಯಲ್ಲಿ ಎಳೆದಿದ್ದೆ. ಒಂದು ಚೌಕ ಎಂದರೆ ಹತ್ತು ಕ್ಲಿಕ್. ಸ್ಕೋಪನ್ನು ಒಂಬತ್ತು ಪಟ್ಟಿಗೆ ಏರಿಸಿ, ಕ್ರಾಸ್‌ಹೇರ್ ಒಂದು ಗೆರೆಗಳ ಸಂಧಿಯ ಮೇಲೆ ಬರುವಂತೆ ರೈಫಲ್ಲನ್ನು ಹೊಂದಿಸಿ, ಶೂಟರಿಗೆ ಕಣ್ಣಿಟ್ಟು ನೋಡಲು ಹೇಳಿ, ಎಲಿವೇಷನ್ ಟರೆಟ್ಟನ್ನು ನಾನೇ ಒಂದೊಂದಾಗಿ ಎಣಿಸುತ್ತ 'ಅಪ್' ಕಡೆಗೆ ತಿರುಗಿಸಿದೆ.

ಕ್ರಾಸ್‌ಹೇರ್ ಲಂಬ ಗೆರೆಯ ಮೇಲೆಯೇ ನೆಟ್ಟಗೆ ಕೆಳಗಿಳಿಯುತ್ತ ಹೋಗಬೇಕಿತ್ತು. ಏಳು ಕ್ಲಿಕ್ಕಿನವರೆಗೆ ಹಾಗೆಯೇ ಇಳಿಯಿತು. ಎಂಟನೆಯದರಿಂದ ಅದು ಗೆರೆ ಬಿಟ್ಟು ಬಲಕ್ಕೆ ವಾಲತೊಡಗಿತು. ಮೊದಮೊದಲು ಕೂದಲೆಳೆಯಷ್ಟು, ಬರಬರುತ್ತ ಹೆಚ್ಚೆಚ್ಚು, ಬಾಗಿದ ಬಿಲ್ಲಿನ ಅಂಚಿನ ಮೇಲೆ ಜಾರಿದ ಹಾಗೆ. 32ನೆಯ ಕ್ಲಿಕ್ಕಿಗೆ ಕ್ರಾಸ್‌ಹೇರ್ ಲಂಬ ಗೆರೆಯಿಂದ ಒಂದು ಚೌಕಕ್ಕೂ ಮಿಗಿಲಾಗಿ, ಸುಮಾರು 5 ಸೆಂಟಿಮೀಟರ್ ಬಲಕ್ಕೆ ನಿಂತಿತ್ತು. ಕ್ರಾಸ್‌ಹೇರ್ ಬಲಕ್ಕೆ ಹೋದರೆ ಗುಂಡು ಎಡಕ್ಕೆ ಬೀಳುತ್ತದೆ. 50 ಮೀಟರಿನ 5 ಸೆಂಟಿಮೀಟರ್ 100 ಮೀಟರಿನಲ್ಲಿ 10 ಆಗುತ್ತದೆ. 140 ಕಾಡತೂಸುಗಳು ಹೇಳಲಾಗದ್ದನ್ನು ಒಂದು ಹಾಳೆ ಹತ್ತು ನಿಮಿಷದಲ್ಲಿ ಹೇಳಿತು.

ಕೂಡಲೇ ಎರಡನೆಯ ಹಂತಕ್ಕೆ ಹೋದೆವು. ಎಲಿವೇಷನ್ನನ್ನು ಅದರ ದಾರಿಯ ಮಧ್ಯಕ್ಕೆ ತಂದು, ವಿಂಡೇಜನ್ನು ಬಲತುದಿಯಿಂದ ಎಡತುದಿಯವರೆಗೆ ಒತ್ತಾಯ ಮಾಡದೆ ತಿರುಗಿಸಿ ಎಣಿಸಿದಾಗ 236 ಕ್ಲಿಕ್ ಸಿಕ್ಕವು. ಅಂದರೆ ಮಧ್ಯದಿಂದ ಎರಡೂ ಕಡೆಗೆ 118. ಶೂಟರಿನ ಜೀರೋ ಬಲತುದಿಯಿಂದ ಕೇವಲ ಒಂಬತ್ತು ಕ್ಲಿಕ್ ಒಳಗಿತ್ತಾದ್ದರಿಂದ, ಅವರು ಮಧ್ಯದಿಂದ 109 ಕ್ಲಿಕ್ ಬಲಕ್ಕೆ ಹೋಗಿ ಕೂತಿದ್ದರು. ಎಲಿವೇಷನ್ ಮಧ್ಯದಿಂದ 38 ಕ್ಲಿಕ್ ಮೇಲಿತ್ತು, ಅದರಲ್ಲಿ ಅಸಹಜವಾದದ್ದು ಏನೂ ಇಲ್ಲ. ವಿಂಡೇಜನ್ನು ಮಧ್ಯಕ್ಕೆ ತಂದು ಹಾಳೆಯ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಕ್ರಾಸ್‌ಹೇರ್ 32 ಕ್ಲಿಕ್ ಪೂರ್ತಿ, ನೂಲು ಹಿಡಿದಂತೆ ಲಂಬ ಗೆರೆಯ ಮೇಲೆಯೇ ಇಳಿಯಿತು. ಸ್ಕೋಪಿನಲ್ಲಿ ದೋಷವಿರಲಿಲ್ಲ, ಅದನ್ನು ಕೂರಿಸಿದ ರೀತಿಯಲ್ಲಿತ್ತು.

ಕೊಳವೆಯೊಳಗೆ ನಡೆದದ್ದು

ಇದು ಅರ್ಥವಾಗಬೇಕಾದರೆ ಟರೆಟ್ ತಿರುಗಿಸಿದಾಗ ಒಳಗೆ ಏನು ಚಲಿಸುತ್ತದೆ ಎಂದು ಕಣ್ಣಮುಂದೆ ತಂದುಕೊಳ್ಳಬೇಕು. ಮುಂದಿನ ಮಸೂರ ಮೂಡಿಸುವ ಬಿಂಬ ತಲೆಕೆಳಗಾಗಿರುತ್ತದೆ. ಅದನ್ನು ನೆಟ್ಟಗೆ ಮಾಡುವ ಮಸೂರಗಳನ್ನು ಹೊರಕೊಳವೆಯೊಳಗಿನ ಇನ್ನೊಂದು ಸಣ್ಣ ಕೊಳವೆಯಲ್ಲಿ ಕೂರಿಸಿರುತ್ತಾರೆ. ಈ ಒಳಕೊಳವೆ ಕಣ್ಣಿನ ಕಡೆಯ ತುದಿಯಲ್ಲಿ ಕೀಲಿನ ಮೇಲೆ ನಿಂತಿದ್ದು, ಮುಂದಿನ ತುದಿ ಮೇಲೆ ಕೆಳಗೆ ಮತ್ತು ಅಕ್ಕಪಕ್ಕ ಆಡುತ್ತದೆ. ಮೇಲಿನಿಂದ ಎಲಿವೇಷನ್ ತಿರುಪು, ಬಲಪಕ್ಕದಿಂದ ವಿಂಡೇಜ್ ತಿರುಪು ಅದಕ್ಕೆ ತಾಗಿ ನಿಂತಿದ್ದರೆ, ಎದುರಿನ ಕೆಳ ಎಡಮೂಲೆಯಿಂದ ಒಂದು ಸ್ಪ್ರಿಂಗ್ ಅದನ್ನು ಸದಾ ಆ ಎರಡು ತಿರುಪುಗಳ ಕಡೆಗೆ ಒತ್ತುತ್ತಿರುತ್ತದೆ. ಈ ಸ್ಕೋಪಿನಲ್ಲಿ 'ಅಪ್' ಅಥವಾ 'ಆರ್' ಕಡೆಗೆ ತಿರುಗಿಸಿದರೆ ತಿರುಪು ಹಿಂದೆ ಸರಿಯುತ್ತದೆ, ತೆರವಾದ ಜಾಗಕ್ಕೆ ಸ್ಪ್ರಿಂಗ್ ಕೊಳವೆಯನ್ನು ತಳ್ಳುತ್ತದೆ. ತಿರುಪು ಒಳಗೆ ಹೋಗುವಾಗ ಚಲನೆ ತಿರುಪಿನ ಬಲದಿಂದ ಆಗುತ್ತದೆ. ಹೊರಗೆ ಬರುವಾಗ ಪೂರ್ತಿ ಸ್ಪ್ರಿಂಗಿನ ಮರ್ಜಿ.

ವಿಂಡೇಜ್ ತಿರುಪು ಹೆಚ್ಚುಕಡಿಮೆ ಪೂರ್ತಿ ಹೊರಗೆ ಬಂದಿದ್ದಾಗ ಸ್ಪ್ರಿಂಗ್ ತೀರಾ ಹಿಗ್ಗಿ, ತಳ್ಳುವ ಬಲ ಕಳೆದುಕೊಂಡಿತ್ತು. ತಿರುಪು 16 ಕ್ಲಿಕ್ ಹಿಂದೆ ಸರಿದರೂ ಕೊಳವೆ ಅದರ ಹಿಂದೆಯೇ ಹೋಗದೆ ಅರ್ಧದಲ್ಲಿ ಅಂಟಿಕೊಂಡು, ಮುಂದಿನ ನಾಲ್ಕೈದು ಗುಂಡುಗಳ ಅದುರಿಗೆ ಸ್ವಲ್ಪಸ್ವಲ್ಪವಾಗಿ ಸರಿದು ಕೂತದ್ದೇ ಆ ತಡವಾಗಿ ಬಂದ 30 ಮಿಲಿಮೀಟರ್. .22ರ ಒದೆತ ಸಣ್ಣದಾದ್ದರಿಂದ ಇಲ್ಲಿ ಅದು ಅಷ್ಟು ಹೊತ್ತು ತೆಗೆದುಕೊಂಡಿತು. ಟರೆಟ್ ತಿರುಗಿಸಿದ ಮೇಲೆ ಬೆರಳಿನಿಂದ ತಟ್ಟುವ ಹಳಬರ ಅಭ್ಯಾಸದ ಮೂಲವೂ ಇದೇ.

ಎಲಿವೇಷನ್ ತಿರುಗಿಸಿದಾಗ ಗುಂಪು ಪಕ್ಕಕ್ಕೆ ಹೋದದ್ದಕ್ಕೆ ಕಾರಣ ಇನ್ನೂ ಸರಳ: ಕೊಳವೆ ದುಂಡಗಿದೆ. ಎರಡು ಟರೆಟ್ಟುಗಳನ್ನು ಪರಸ್ಪರ ಸಂಬಂಧವಿಲ್ಲದ ಎರಡು ಅಳತೆಪಟ್ಟಿಗಳೆಂದು ನಾವು ಭಾವಿಸಿಕೊಳ್ಳುತ್ತೇವೆ, ಆದರೆ ಒಳಕೊಳವೆಗೆ ಆಡಲು ಸಿಕ್ಕಿರುವುದು ಚೌಕವಲ್ಲ, ವೃತ್ತ. ಅಂಚಿಗೆ 118 ಕ್ಲಿಕ್ ದೂರವಿರುವ ವೃತ್ತದಲ್ಲಿ 109 ಕ್ಲಿಕ್ ಬಲಕ್ಕೆ ಹೋಗಿ ನಿಂತವರಿಗೆ ಮೇಲಕ್ಕೆ ಉಳಿಯುವುದು 118ರ ವರ್ಗದಿಂದ 109ರ ವರ್ಗ ಕಳೆದು ಮೂಲ ತೆಗೆದಷ್ಟು, ಅಂದರೆ 45 ಕ್ಲಿಕ್ ಮಾತ್ರ. ಅವರು ಆಗಲೇ 38ರಲ್ಲಿದ್ದರು. ಏಳು ಕ್ಲಿಕ್ ನೆಟ್ಟಗೆ ಹೋಗಿ ಎಂಟನೆಯದಕ್ಕೆ ವಾಲಲು ಶುರುವಾದದ್ದು ಅದಕ್ಕೇ: ಕೊಳವೆ ಗೋಡೆಗೆ ತಾಗಿತು. ಅಲ್ಲಿಂದ ಮುಂದೆ ಮೇಲಕ್ಕೆ ಹೋಗಬೇಕಾದರೆ ಗೋಡೆಯ ಬಾಗನ್ನು ಅನುಸರಿಸಿ ಎಡಕ್ಕೆ ಜಾರುತ್ತಲೇ ಹೋಗಬೇಕು. 38ಕ್ಕೆ 32 ಕೂಡಿ 70 ಆದಾಗ ಬಲಕ್ಕೆ ಉಳಿಯುವ ಜಾಗ 95. ಕಳೆದುಹೋದದ್ದು 14 ಕ್ಲಿಕ್, ಮೂರೂವರೆ ಎಂಓಎ, 100 ಮೀಟರಿನಲ್ಲಿ 102 ಮಿಲಿಮೀಟರ್. ಆಗ ಕೊಳವೆ ವಿಂಡೇಜ್ ತಿರುಪಿನ ತುದಿಯನ್ನು ಬಿಟ್ಟು ದೂರ ಸರಿದಿರುವುದರಿಂದ, ತಿರುಪನ್ನು ಇನ್ನೂ ಹೊರಗೆ ತಿರುಗಿಸಿದರೆ ಏನೂ ಆಗುವುದಿಲ್ಲ. ಶೂಟರ್ ಹೇಳಿದ್ದ ಆ ಒಂಬತ್ತು ಕ್ಲಿಕ್ಕುಗಳು ಖಾಲಿ ಗಾಳಿಯಲ್ಲಿ ತಿರುಗಿದ್ದವು. ಕಾಗದದ ಮೇಲಿನ ಅಳತೆಗೂ ಲೆಕ್ಕಕ್ಕೂ ಇಷ್ಟು ಹತ್ತಿರದ ಹೊಂದಿಕೆ ನನಗೆ ಅಪರೂಪಕ್ಕೆ ಸಿಕ್ಕಿದೆ.

ಮೂಲ ತಪ್ಪು

109 ಕ್ಲಿಕ್ ಎಂದರೆ 27 ಎಂಓಎಗಿಂತ ಸ್ವಲ್ಪ ಹೆಚ್ಚು. ಇಷ್ಟು ಕೋನದಲ್ಲಿ ಸ್ಕೋಪ್ ನಳಿಕೆಗಿಂತ ಬಲಕ್ಕೆ ನೋಡುತ್ತಿದ್ದರೆ, 100 ಮಿಲಿಮೀಟರ್ ಅಂತರದ ರಿಂಗುಗಳಲ್ಲಿ ಮುಂದಿನದು ಹಿಂದಿನದಕ್ಕಿಂತ 0.8 ಮಿಲಿಮೀಟರ್ ಬಲಕ್ಕಿರಬೇಕು. ಏನನ್ನು ಹುಡುಕಬೇಕೆಂಬುದು ಹೀಗೆ ಮೊದಲೇ ಗೊತ್ತಾದ ಮೇಲೆ ಹುಡುಕುವುದು ಸುಲಭ. ಸ್ಕೋಪನ್ನು ಕೆಳಗಿಳಿಸಿ ರಿಂಗುಗಳನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದೆ. ಎರಡೂ ರಿಂಗುಗಳಲ್ಲಿ ಸ್ಕೋಪ್ ಕೂರುವ ದುಂಡು ಬಾಯಿ ಹಳಿಯ ನಡುಗೆರೆಯಿಂದ ಸುಮಾರು 0.4 ಮಿಲಿಮೀಟರ್ ಪಕ್ಕಕ್ಕೆ, ಹಳಿಯನ್ನು ಕಚ್ಚಿ ಬಿಗಿಯುವ ದವಡೆ ಇರುವ ಕಡೆಗೆ ಸರಿದಿತ್ತು. ಅಗ್ಗದ ರಿಂಗುಗಳಲ್ಲಿ ಇಂಥದ್ದು ಹೊಸತಲ್ಲ, ಮತ್ತು ಎರಡೂ ಒಂದೇ ಕಡೆಗೆ ಸರಿದಿದ್ದರೆ ಅದರಿಂದ ಹಾನಿಯೂ ಇಲ್ಲ: ಸ್ಕೋಪ್ ನಳಿಕೆಗೆ ಸಮಾಂತರವಾಗಿಯೇ ಉಳಿದು, ಅರ್ಧ ಮಿಲಿಮೀಟರಿಗಿಂತ ಕಡಿಮೆ ಪಕ್ಕಕ್ಕೆ ಕೂರುತ್ತದೆ ಅಷ್ಟೆ. ಆದರೆ ಇಲ್ಲಿ ಮುಂದಿನ ರಿಂಗಿನ ದವಡೆ ಬಲಕ್ಕೂ ಹಿಂದಿನದರ ದವಡೆ ಎಡಕ್ಕೂ ಬರುವಂತೆ ಒಂದನ್ನು ತಿರುವುಮುರುವಾಗಿ ಕೂರಿಸಲಾಗಿತ್ತು. ಎರಡು 0.4ಗಳು ಒಂದನ್ನೊಂದು ಹೊಡೆದುಹಾಕುವ ಬದಲು ಕೂಡಿಕೊಂಡವು. ರಿಂಗಿನ ತಿರುಪುಗಳು ಬಿಗಿಯಾಗಿವೆಯೇ ಎಂದು ಮೊದಲ ದಿನವೇ ಒಂದೊಂದನ್ನಾಗಿ ಮುಟ್ಟಿ ನೋಡಿದ್ದ ನನ್ನ ಕಣ್ಣಿಗೆ, ಅವುಗಳ ತಲೆಗಳು ಎದುರುಬದುರು ಪಕ್ಕದಲ್ಲಿರುವುದು ಬಿದ್ದಿರಲಿಲ್ಲ.

ಮರುಜೋಡಣೆ ಮತ್ತು ಜೀರೋ

ಎರಡೂ ದವಡೆಗಳು ಒಂದೇ ಪಕ್ಕಕ್ಕೆ ಬರುವಂತೆ ಹಿಂದಿನ ರಿಂಗನ್ನು ತಿರುಗಿಸಿ ಕೂರಿಸಿದೆವು. ಸ್ಕೋಪನ್ನು ಇಡುವ ಮುನ್ನ ಎರಡೂ ಟರೆಟ್ಟುಗಳನ್ನು ಎಣಿಸಿ ಮಧ್ಯಕ್ಕೆ ತಂದೆವು. ಒಂದು ಟರೆಟ್ ಅಂಚಿನಲ್ಲಿದ್ದಾಗ ಇನ್ನೊಂದರ ದಾರಿ ಮೊಟಕಾಗುವುದರಿಂದ ಮೊದಲ ಎಣಿಕೆ ಸುಳ್ಳಾಗಬಹುದು. ಹಾಗಾಗಿ ವಿಂಡೇಜ್, ಎಲಿವೇಷನ್, ಮತ್ತೆ ವಿಂಡೇಜ್ ಎಂದು ಎರಡು ಸುತ್ತು ಎಣಿಸುವುದು ನನ್ನ ರೂಢಿ. ರಿಂಗಿನ ಮೇಲ್ಚಿಪ್ಪಿನ ತಿರುಪುಗಳನ್ನು ಒಂದು ಬದಿಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಸ್ಕೋಪ್ ತಿರುಚಿಕೊಳ್ಳುತ್ತದೆ. ಕರ್ಣದ ಕ್ರಮದಲ್ಲಿ ಕಾಲುಸುತ್ತಿನಷ್ಟು ಬಿಗಿಯುತ್ತ, ನಡುನಡುವೆ ತೂಗುಗುಂಡಿನ ದಾರಕ್ಕೆ ಕ್ರಾಸ್‌ಹೇರನ್ನು ಹೋಲಿಸುತ್ತ, ಕೊನೆಗೆ 2 ನ್ಯೂಟನ್-ಮೀಟರಿಗೆ ಸ್ವಲ್ಪ ಕಡಿಮೆ ಇರುವಂತೆ ಟಾರ್ಕ್ ಕೀಲಿಯಿಂದ ನಿಲ್ಲಿಸಿದೆವು.

25 ಮೀಟರಿನಿಂದ ಶುರುಮಾಡಿದೆವು. ಸ್ಕೋಪಿನ ನಡುಗೆರೆ ನಳಿಕೆಯ ನಡುಗೆರೆಗಿಂತ 40 ಮಿಲಿಮೀಟರ್ ಮೇಲಿರುವ ಈ ರೈಫಲ್ 50 ಮೀಟರಿನಲ್ಲಿ ಜೀರೋ ಆಗಬೇಕಾದರೆ, 25 ಮೀಟರಿನಲ್ಲಿ ಗುಂಡು ನಡುವಿನಲ್ಲಲ್ಲ, ಸುಮಾರು 12 ಮಿಲಿಮೀಟರ್ ಮೇಲೆ ಬೀಳಬೇಕು. ಮೊದಲ ಐದು ಗುಂಡುಗಳ ಕೇಂದ್ರ 55 ಮಿಲಿಮೀಟರ್ ಕೆಳಗೆ, 13 ಮಿಲಿಮೀಟರ್ ಎಡಕ್ಕಿತ್ತು. ಮೇಲಕ್ಕೆ ಬೇಕಾದದ್ದು 67 ಮಿಲಿಮೀಟರ್, ಎಂದರೆ 37 ಕ್ಲಿಕ್, ಬಲಕ್ಕೆ 7. ಹಿಂದೆ 109 ಕ್ಲಿಕ್ ಕೇಳಿದ್ದ ವಿಂಡೇಜ್ ಈಗ ಏಳರಲ್ಲಿ ತೃಪ್ತವಾಗಿತ್ತು. 50 ಮೀಟರಿಗೆ ಹೋದಾಗ ಹತ್ತು ಗುಂಡುಗಳ ಕೇಂದ್ರ 4 ಮಿಲಿಮೀಟರ್ ಕೆಳಗೆ, 3 ಮಿಲಿಮೀಟರ್ ಎಡಕ್ಕೆ ಬಂತು, ಒಂದೊಂದು ಕ್ಲಿಕ್ ಕೊಟ್ಟೆವು. ತಿದ್ದಿದ ಮರುಗುಂಪು ಲೆಕ್ಕಕ್ಕೆ ಸರಿಯಾಗಿ, ತಡಮಾಡದೆ ಸರಿಯಿತು.

ನಂತರ ಚೌಕದ ಪರೀಕ್ಷೆ. ಗುರಿಯಿಡುವ ಬಿಂದು ಬದಲಿಸದೆ 20 ಕ್ಲಿಕ್ ಮೇಲೆ, 20 ಬಲ, 20 ಕೆಳಗೆ, 20 ಎಡ ಎಂದು ಪ್ರತಿ ಮೂಲೆಯಲ್ಲೂ ಐದೈದು ಗುಂಡು ಹಾರಿಸಲಾಯಿತು. ಬಾಹುಗಳು 73 ಮಿಲಿಮೀಟರ್ ಇರಬೇಕಿತ್ತು. ನಾಲ್ಕೂ ಅದರಿಂದ 3 ಮಿಲಿಮೀಟರಿನೊಳಗೆ ಬಂದವು, ಮತ್ತು ಕೊನೆಯ ಗುಂಪು ಮೊದಲನೆಯದರ ಮೇಲೆಯೇ ಕೂತಿತು. ಈ ಪರೀಕ್ಷೆಯ ಮೇಲೆ ಸಾಮಾನ್ಯವಾಗಿ ಉಳಿದವರಿಗಿರುವಷ್ಟು ಗೌರವ ನನಗಿಲ್ಲ: ಚೌಕ ಚಿಕ್ಕದಾಗಿದ್ದರೆ ಗುಂಪಿನ ಹರಡುವಿಕೆ ತಪ್ಪನ್ನು ಮುಚ್ಚಿಹಾಕುತ್ತದೆ, ಗೆರೆ ಹಾಕಿದ ಹಾಳೆಯ ಪರೀಕ್ಷೆಗಿರುವ ನಿಖರತೆ ಇದಕ್ಕೆ ಬರುವುದಿಲ್ಲ. ಆದರೆ ಒದೆತ ತಿಂದ ಮೇಲೂ ಸ್ಕೋಪ್ ಮೊದಲಿನ ಜಾಗಕ್ಕೆ ಮರಳುತ್ತದೆ ಎಂಬುದನ್ನು ಹಾಳೆ ಹೇಳಲಾರದು, ಇದು ಹೇಳುತ್ತದೆ.

ಕೊನೆಗೆ ಅದೇ 32 ಕ್ಲಿಕ್ ಮೇಲಕ್ಕೆ, ಅದೇ 100 ಮೀಟರ್. ಹತ್ತು ಗುಂಡುಗಳ ಕೇಂದ್ರ 15 ಮಿಲಿಮೀಟರ್ ಮೇಲೆ, 5 ಮಿಲಿಮೀಟರ್ ಎಡಕ್ಕೆ ಬಂತು. ಎಡದ 5 ಒಂದು ಕ್ಲಿಕ್ಕಿಗಿಂತ ಕಡಿಮೆಯಾದ್ದರಿಂದ ಅದನ್ನು ಮುಟ್ಟಬೇಡಿ ಎಂದೆ. ಎಲಿವೇಷನ್ ಎರಡು ಕ್ಲಿಕ್ ಇಳಿದು 30ಕ್ಕೆ ನಿಂತಿತು. ಶೂಟರ್ ಟರೆಟ್ಟುಗಳ ಸೊನ್ನೆ ಗುರುತನ್ನು 50 ಮೀಟರಿನ ಜೀರೋಗೆ ಹೊಂದಿಸಿ, '100 ಮೀ: 30 ಮೇಲೆ' ಎಂದು ಚೀಟಿ ಬರೆದು ರೈಫಲ್ಲಿನ ಹಿಡಿಗೆ ಅಂಟಿಸಿದರು. ಮುಂದೊಂದು ದಿನ ಸ್ಕೋಪ್ ಬಿಚ್ಚಿದಾಗ ರಿಂಗುಗಳು ಮತ್ತೆ ತಿರುವುಮುರುವಾಗದಿರಲೆಂದು, ಎರಡರ ಎಡಮೈಮೇಲೂ ಬಿಳಿ ಬಣ್ಣದ ಒಂದೊಂದು ಚುಕ್ಕೆ ಇಟ್ಟುಕೊಟ್ಟೆ.